ಎರಡು ಬೆರಳು

ಗಾಡಿ ಮುಂದ ಎಡಕ್ಕ ಬಾಗ್ಯಾದ ಅಂತ
ಮೊದಲು ಅಂದಾಕಿ ಗುರುಬಾಯಿ,
ಹಲ್ಲುಜ್ಜಕೋತ, ಬಾಗಿಲಾಗ ನಿಂತು.
ನಮ್ಮ ಓಣಿನೇ ಡೊಂಕದ ಅಂದೆ ನಾ.
ತಿರುಗಿಸಿ ನಿಲ್ಲಿಸಿದೆ, ಮಾರಿ ಆ ಕಡಿ ಮಾಡಿ.
ಆಗೂ ಎಡಕ್ಕೇ.

ವಾಡಿಯಾಗೊಬ್ಬ ಶಾಕಬ್ಸರ್ ಹೋಗ್ಯಾವಂದು
ನಾಕೂ ಬದಲಿ ಮಾಡಿದ, ಆರು ಸಾವಿರ ತಗೊಂಡ.
ಅಂಬಾಸಿಡರ್ ಕುಣಿಯೂದು ಬಿಡ್ತು.
ಬಾಗೂದು ಬಿಡಲಿಲ್ಲ.

ಹಿಂಗಾಗಿ ಶಹಾಬಾದಿಗೆ, ದಸ್ತಗೀರ್ ಮಿಸ್ತ್ರಿ ಕಡಿ.
ಅವ ಗಾಡಿ ನೋಡಲೇ ಇಲ್ಲ ಮೊದಲು.
ತನ್ನ ಅಂಗಡಿ ಪರಸಿ ಮ್ಯಾಲ ಒಂದು ತಂಬಿಗಿ ನೀರು ಸುರುವಿ
ಕುಕ್ಕರಗಾಲಿಲೆ ಕುಂತ.
ನೀರು ಯಾ ಕಡಿಗೂ ಹೋಗಲಿಲ್ಲ,
ಇದ್ದಲ್ಲೇ ಹರವಿಕೊಂಡು ನಿಂತಿತು.
"ಈಗ ತರ್ರಿ ಒಳಗ."

ಡಿಕ್ಕಿ ಖಾಲಿ ಮಾಡಿಸಿದ:
ಅರ್ಧ ಚೀಲ ತೊಗರಿ, ಕಾಡಿ ಮುರಿದ ಛತ್ರಿ,
ಯಾರದೋ ಮದುವಿಯ ಸ್ಟೀಲಿನ ಬುಟ್ಟಿ.
ಸ್ಟೆಪ್ನಿ ಇರಲಿ ಅಂದ, ಅದು ಮನಿ ಮಂದಿ.
ನಾಕೂ ಗಾಲಿಗೆ ಹವಾ ಒಂದೇ ಸಮ ತುಂಬಿಸಿದ.
ಮುಂದಿನ ಬಂಪರ್ ಎರಡು ಸಲ ಒತ್ತಿ ಬಿಟ್ಟ,
ಗಾಡಿ ಒಂದೇ ಸಲ ಎದ್ದು ಸುಮ್ಮನಾತು.
"ವಾಡಿಯವ ಕೆಲಸ ಛಲೋ ಮಾಡ್ಯಾನ.
ಆದ್ರ ಶಾಕಬ್ಸರ್ ಕುಣಿತ ತಡೀತದ,
ಭಾರ ಹೊರೂದಿಲ್ರಿ."

ಸುತಳಿ ತಗೊಂಡ. ಹುಡುಗ ಅಯ್ಯುಬ ನೆಲಕ್ಕ ಹಿಡೀಲಕ ಹೋದ.
"ಏ, ನೆಲದಿಂದ ಅಳಿಬ್ಯಾಡ. ಟಾಯರ್ ಸುಳ್ಳು ಹೇಳ್ತಾವ.
ಗಾಲಿ ನಡುವಿಂದ ಹಿಡಿ, ಮಡ್‌ಗಾರ್ಡಿನ ಅಂಚಿನ ತನಕ."
ಬಲಕ್ಕ ಒಂದು ಗಂಟು ಹಾಕಿದ್ರು.
ಎಡಕ್ಕ ಆ ಗಂಟು
ಎರಡು ಬೆರಳು ಮ್ಯಾಲ ಹೋತು.

ನನಗ ತಡೀಲಿಲ್ಲ. ಟಾರ್ಷನ್ ಬಾರ್ ಒಂದು ಹಲ್ಲು ತಿರುವು ಮಿಸ್ತ್ರಿ,
ಎದ್ದು ನಿಲ್ತದ ಅಂದೆ.
"ನಿಲ್ತದ. ಜ್ವರ ಬಂದಾಗ ಥರ್ಮಾಮೀಟರ್ ತಣ್ಣೀರಾಗ ಅದ್ದಿದ್ರ
ಅದೂ ಇಳೀತದ."

ಆಮ್ಯಾಲ ಅವ ಹಿಂದ ಹೋದ. ಮುಂದಿನ ರೋಗಕ್ಕ ಹಿಂದ!
ಡಿಕ್ಕಿ ತೆಳಗ, ನಟ್ಟನಡುವ, ಕಟ್ಟಿಗಿ ತುಂಡಿಟ್ಟು
ಜಾಕ್ ಎತ್ತಿದ, ಮೆಲ್ಲಕ,
ಹಿಂದಿನ ಗಾಲಿಗಳ ಮ್ಯಾಲಿನ ಭಾರ ಪೂರಾ ಹೋಗೂ ತನಕ.
ಒಂದೇ ಮಳಿಗೆ ತೂಗಹಾಕಿದ ಫೋಟೋದಂಗ
ಗಾಡಿ ಜರಾ ಅಲುಗಿ, ತನ್ನಷ್ಟಕ್ಕ ತಾನು ಸಮ ಆತು.
ಮುಂದ ಸುತಳಿ ಹಿಡಿದ ಅಯ್ಯುಬ ಕೂಗಿದ:
"ಉಸ್ತಾದ್, ಬರೋಬರ್!"

ಎಡಕಿನ ಹಿಂದಿನ ಪಾಟಾ.
ಎರಡನೇ ಪಟ್ಟಿ, ಕ್ಲಾಂಪಿನ ಒಳಗ, ಕಣ್ಣಿಗೆ ಬೀಳದಲ್ಲಿ.
ತಂತಿ ಬ್ರಶ್ ಆಡಿಸಿ ದೀಪ ಹಿಡಿದ.
ಕೆಂಪು ತುಕ್ಕಿನ ಒಂದು ಗೆರಿ,
ಉಗುರಿನ ಅಂಚಿನಷ್ಟು.

"ಈ ಬಾಜೂಕ ಏನ್ ಹೇರ್ತಿದ್ರಿ?"

ನಾ ಏನ್ ಹೇಳ್ಲಿ.
ಬಲಬಾಗಿಲು ತೆರೀತಿರಲಿಲ್ಲ, ಅದಕ್ಕ
ಇಪ್ಪತ್ತೆರಡು ವರ್ಷ ಎಲ್ಲಾ ಎಡಕ್ಕೇ ಇಟ್ಟೆ:
ಎರಡು ಲಾರಿ ಬ್ಯಾಟರಿ, ಕಬ್ಬಿಣದ ಆಂಪ್ಲಿಫಾಯರ್.
ಚಿತ್ತಾಪುರ, ಕಾಳಗಿ, ಸೇಡಂ.
ಉರುಸು, ಲಗ್ನ, ವೋಟು,
ಸಂತ್ಯಾಗ ತಪ್ಪಿಸಿಕೊಂಡ ಕೂಸಿನ ಅಂಗಿ ಬಣ್ಣ
ಮೂರು ಮೂರು ಸಲ ಹೇಳಿದ್ದು.
ಮೈಕ್ ಸೆಟ್ ಮಾರಿ ಒಂಬತ್ತು ವರ್ಷ ಆತು, ತೂಕದ ಮ್ಯಾಲ,
ಗುಜರಿಯವ ಕಿಲೋಕ್ಕಿಷ್ಟು ಅಂತ ಕೊಟ್ಟ.

ಮಿಸ್ತ್ರಿ ಕೈ ಒರಸಿಕೊಂಡ.
"ಕಲಬುರಗಿಂದ ಜೋಡಿ ತರಸ್ಬೇಕ್ರಿ.
ಒಂದೇ ಹೊಸಾದು ಹಾಕಿದ್ರ ನಾಳಿ ಬಲಕ್ಕ ಬಾಗ್ತದ."

ಫೋನ್ ಹಚ್ಚಿ ಗುರುಬಾಯಿಗೆ ಹೇಳ್ದೆ:
ನೀ ಮುಂದ ಅಂದಿದ್ದಿ, ಖರೇ ರೋಗ ಹಿಂದದ.
"ಬಾಗ್ಯಾದ ಅಂದಿದ್ದೆ,
ಯಾಕಂತ ನಾ ಯಾವಾಗ ಹೇಳ್ದೆ?" ಅಂದ್ಳು,
ಹಾಲು ಉಕ್ಕತದ ಅಂತ ಇಟ್ಟುಬಿಟ್ಳು.

ಗಂಟಿನ ಸುತಳಿ ಕೈಯಾಗ ಹಿಡಕೊಂಡು
ಅಯ್ಯುಬ ಇನ್ನೂ ನಿಂತಿದ್ದ,
ನನ್ನ ಎಡಭುಜ ನೋಡಕೋತ.