ನೆಲ ಡೊಂಕು

ಮೂರು ದಿನದಿಂದ ಹಲಗೆಯ ಒಂದೇ ಮಗ್ಗುಲು ಸುಡುತ್ತಿತ್ತು.
ಅಕೇಶಿಯಾ ಸೀಳಿದರೂ ಕಪ್ಪು, ಹಲಸು ಸೀಳಿದರೂ ಕಪ್ಪು.
ತಳ ಹತ್ತಿದ ಬೆಲ್ಲದ ಪಾಕದ ವಾಸನೆ
ಸಾಗರ ರಸ್ತೆಯ ನಮ್ಮ ಶೆಡ್ಡು ದಾಟಿ
ಪಕ್ಕದ ರೇಡಿಯೇಟರ್ ಅಂಗಡಿಯವರೆಗೂ.

ಹಲ್ಲು ಮೊಂಡಾಯಿತೇನೋ ಎಂದು ಸಾಣೆ ಹಿಡಿಸಿದೆ.
ಅಂಟು ಕೂತಿರಬೇಕೆಂದು ಬ್ಲೇಡನ್ನು
ರಾತ್ರಿಯಿಡೀ ಸೋಡಾ ನೀರಲ್ಲಿ ನೆನೆಹಾಕಿ
ಬೆಳಿಗ್ಗೆ ಹಳೇ ಬ್ರಷ್ಷಿನಿಂದ ಅದರ ಹಲ್ಲುಜ್ಜಿದೆ,
ಮಗುವಿಗೆ ಉಜ್ಜಿದ ಹಾಗೆ, ಒಂದೊಂದಾಗಿ.
ಬೆಲ್ಟು ಬಿಗಿ ಮಾಡಿದೆ.
ಸಂಜೆಗೆ ವೋಲ್ಟೇಜು ಇಳಿಯುತ್ತದೆಂದು
ಕರೆಂಟಿನವರಿಗೆ ಬೈದೆ.
ಬಯ್ಯಲು ಮತ್ಯಾರೂ ಇಲ್ಲದಾದಾಗ
ಹಾಲೇಶ ಇದ್ದ.

"ಮೇಸ್ತ್ರೀ, ತಳ್ಳುವಾಗ ಹಿಂದುಗಡೆ ಏನೋ ಹಿಡೀತದೆ" ಅಂದ.
ಹಿಂದಿನ ದಿನ ತುಂಡೊಂದು ಒದ್ದು ಬಂದು
ಹೊಟ್ಟೆಗೆ ಬಡಿದ ಜಾಗವನ್ನು
ಅಂಗಿ ಎತ್ತಿ ತೋರಿಸಲಿಲ್ಲ.
ನಾನಂದೆ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವನೂ ನಕ್ಕ,
ಸಂಬಳದವನ ನಗು,
ಹಲ್ಲಿನವರೆಗೆ ಬಂದು ನಿಂತುಬಿಡುವಂಥದ್ದು.

ನಾಲ್ಕನೇ ದಿನ ತಾಳಗುಪ್ಪದ ರೈಲಿಗೆ ಇನಾಸ ಬಂದ.
ಆನಂದಪುರದವ, ಗರಗಸಗಳ ವೈದ್ಯ,
ಎಡಗೈಯಲ್ಲಿ ಮೂರೂವರೆ ಬೆರಳು.
ಚೀಲದಲ್ಲಿ ಮೂಲೆಮಟ್ಟ, ಸೀಮೆಸುಣ್ಣ, ಊಟದ ಡಬ್ಬಿ.
ಸ್ವಿಚ್ಚಿನ ಹತ್ತಿರ ಹೋಗಲೇ ಇಲ್ಲ.
ಮೊದಲು ಫ್ಯೂಸು ಕಿತ್ತು
ತನ್ನ ಜೇಬಿಗೆ ಹಾಕಿಕೊಂಡ.

"ಸುಟ್ಟದ್ದು ಗೈಡಿನ ಕಡೆಯೋ, ಈ ಕಡೆಯೋ?"
ನಾನು ಬಾಯಿ ತೆರೆಯುವ ಮುಂಚೆ ಹಾಲೇಶ:
"ಗೈಡಿನ ಕಡೆ. ಅದೂ ಕೊನೇ ಗೇಣಿಂದ."
ಇನಾಸ ಅವನನ್ನೇ ಪಕ್ಕಕ್ಕೆ ಕರೆದ.

ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟ.
ಅದನ್ನು ಮುಂದಕ್ಕೆ ತಂದು, ಮೇಜಿನ ಗಾಡಿಗೆ
ಮಟ್ಟ ಆನಿಸಿ, ತುದಿ ತಾಗುವಷ್ಟು ಬಿಗಿದ.
ಕೈಯಿಂದ ಬ್ಲೇಡು ತಿರುಗಿಸಿ
ಅದೇ ಹಲ್ಲನ್ನು ಹಿಂದಕ್ಕೆ ಒಯ್ದ.
"ಅದೇ ಹಲ್ಲು ಯಾಕೆ?"
"ಇನ್ನೊಂದು ಹಲ್ಲು ಇನ್ನೊಂದು ಮಾತಾಡ್ತದೆ ಮಾರಾಯ.
ಸಾಕ್ಷಿ ಒಬ್ಬನೇ ಇರಬೇಕು,
ಎರಡೂ ಕಡೆ ಅವನನ್ನೇ ಕೇಳಬೇಕು."

ಹಿಂದೆ ಸಂದು.
ರೈಲಿನ ಟಿಕೆಟ್ಟು ತೆಗೆದು ತೂರಿಸಿದ. ಹೋಯಿತು.
ಮಡಚಿ ತೂರಿಸಿದ. ಹೋಯಿತು.
ಮತ್ತೆ ಮಡಚಿದ. ನಾಲ್ಕು ಪದರಕ್ಕೆ ಹಿಡಿಯಿತು.
"ಮೇಜೇ ಡೊಂಕು" ಅಂದ,
ನನ್ನ ಗಾದೆಯ ವಿಷಯ ಏನೂ ಗೊತ್ತಿಲ್ಲದೆ.
ಈ ಸಲ ಯಾರೂ ನಗಲಿಲ್ಲ.

"ಮಷೀನು ಜಾಗ ಬದಲಿಸಿದಿರಾ?"
ನೆಲಕ್ಕೆ ಸಿಮೆಂಟು ಹಾಕಿಸಿದಾಗ, ಹೂಂ.
"ಮೇಜಿನ ಅಂಚು ಹಿಡಿದು ಎತ್ತಿದಿರಾ?"
ನಾಲ್ವರು ಎತ್ತಿದ್ದೆವು.
ಒಂದು ಮೂಲೆ ನನ್ನದು.

ಮೂರು ಬೋಲ್ಟು ಸಡಿಲಿಸಿ, ನಾಲ್ಕನೆಯದನ್ನು ಮುಟ್ಟದೆ,
ಕೊಡತಿಯಿಂದ ಮೆಲ್ಲಗೆ ಒಂದು ಏಟು. ಅಳತೆ.
ಇನ್ನೊಂದು. ಹೆಚ್ಚಾಯಿತು. ಆ ಕಡೆಯಿಂದ ಅರ್ಧ ಏಟು.
ಬಿಗಿ ಮಾಡಿದ ಮೇಲೆ ಮತ್ತೆ ಅಳತೆ,
ಬಿಗಿಯುವಾಗಲೇ ಅದು ಜಾರುವುದಂತೆ.
"ಬ್ಲೇಡಿನ ಬೆನ್ನಿಗೊಂದು ಪಟ್ಟಿ ಇತ್ತಲ್ಲ, ಎಲ್ಲಿ?"
ಅಡ್ಡ ಬರುತ್ತದೆಂದು ನಾನೇ ಬಿಚ್ಚಿದ್ದೆ.
ಆರು ವರ್ಷದಿಂದ ಮೊಳೆಗೆ ನೇತಾಡುತ್ತಿತ್ತು,
ಅದರ ಮೇಲೆ ಹಳೇ ಕ್ಯಾಲೆಂಡರು.
ಹಾಲೇಶನ ಹೊಟ್ಟೆಯನ್ನು ನೋಡದೆ
ತಂದುಕೊಟ್ಟೆ.

ಫ್ಯೂಸನ್ನು ನನ್ನ ಕೈಗೆ ಕೊಡಲಿಲ್ಲ, ಅವನ ಕೈಗೆ ಕೊಟ್ಟ.
ಹಲಸಿನ ಹಲಗೆ ಹೊಕ್ಕು, ಎಲ್ಲೂ ಉಬ್ಬಸಪಡದೆ
ಆಚೆ ಬಂತು. ಸೀಳಿದ ಮಗ್ಗುಲು
ಬಿಡಿಸಿದ ತೊಳೆಯಷ್ಟೇ ಹಳದಿ.
ಹಾಲೇಶ ಅದನ್ನು ಸವರಿ ನೋಡಿದ,
ಏನೂ ಅನ್ನಲಿಲ್ಲ.
ನಾನೂ ಅನ್ನಬೇಕಿದ್ದನ್ನು ಅನ್ನಲಿಲ್ಲ.
ಭಾನುವಾರ ಒಬ್ಬನೇ ಬಂದು
ಸುಟ್ಟ ಹದಿನೆಂಟು ಹಲಗೆಗೂ ಉಜ್ಜುಗೊರಡು ಹಾಕಿದೆ.
ಒಂದೆರಡರ ಕಪ್ಪು ಹೋಗಲಿಲ್ಲ;
ಯಾವುದೋ ಶಾಲೆಯ ಬೆಂಚಿನ ಅಡಿಗಿದೆ ಈಗ.

ಮೊನ್ನೆ ಹೊಸ ಡ್ರಿಲ್ಲು ವಾರೆಯಾಗಿ ಕೊರೆಯಿತು.
"ಇದೆಂಥ ದರಿದ್ರ ಮಷೀನೋ" ಅಂದೆ.
ಹೊಟ್ಟು ಗುಡಿಸುತ್ತಿದ್ದವನು ತಲೆ ಎತ್ತದೆ ಕೇಳಿದ:
"ಅಳತೆ ಹಾಕಿದ್ರಾ, ಮೇಸ್ತ್ರೀ?"