ಆರು ಸ್ಕ್ರೂ

ನೈರೋಬಿಯ ಈ ಏಳಂತಸ್ತಿನ ಕಟ್ಟಡದಲ್ಲಿ
ಐದನೇ ತಾರೀಖಿನವರೆಗೆ ನಾನು ಕಾವಲುಗಾರ,
ಬಲ್ಬು ಬದಲಿಸುವವನು, ನೀರಿನ ಟ್ಯಾಂಕಿನ ಬೀಗದೊಡೆಯ,
ಮಕ್ಕಳ ಬಾಯಲ್ಲಿ ಸಿಮಿಯು ಮಾಮ.
ಆರನೇ ತಾರೀಖು ಬೆಳಗಾದರೆ
ಸ್ಕ್ರೂಡ್ರೈವರ್ ಹಿಡಿದ ಒಂದು ಕೈ, ಅಷ್ಟೇ.

ಇಲ್ಲಿನ ಕ್ರಮ ಹೀಗೆ:
ಮೊದಲು ಬಾಗಿಲ ಸಂದಿಯಲ್ಲೊಂದು ಚೀಟಿ.
ಆಮೇಲೆ ಕರೆಂಟು.
ಆಮೇಲೆ ಹೊರಗಿನಿಂದ ಇನ್ನೊಂದು ಬೀಗ,
ಒಳಗೆ ನೆನೆಹಾಕಿದ ಕಾಳು
ಮೊಳಕೆಯೊಡೆದು ಕೊಳೆಯುವವರೆಗೆ.
ಅದಕ್ಕೂ ಬಗ್ಗದಿದ್ದರೆ ಬಾಗಿಲೇ.
ಕೋರ್ಟು, ಕಾಗದ, ನೋಟೀಸಿನ ಅವಧಿ ಎಲ್ಲ ಇದೆಯಂತೆ
ಪಟ್ಟಣದ ಆ ತುದಿಯಲ್ಲಿ.
ಇಲ್ಲಿಗೆ ಬರುವ ಮತಾಟು ವ್ಯಾನಿನಲ್ಲಿ
ಅದಕ್ಕಿನ್ನೂ ಸೀಟು ಸಿಕ್ಕಿಲ್ಲ.

ಕೆಳಗಿನ ಕೀಲಿನಿಂದ ಶುರುಮಾಡಬೇಕು.
ಮೇಲಿನದನ್ನು ಮೊದಲು ಬಿಚ್ಚಿದರೆ ಬಾಗಿಲು
ಕುಡಿದವನ ಹಾಗೆ ಮೈಮೇಲೆ ವಾಲುತ್ತದೆ.
ಇದನ್ನು ನನಗೆ ಕಲಿಸಿದವನು
ಈ ಕೆಲಸದಲ್ಲಿ ನನಗಿಂತ ಹಿಂದಿದ್ದ ಓಚೋಲ.
ಕೆಲಸ ಹೋದ ಮೇಲೆ ಅವನ ಬಾಗಿಲನ್ನೂ
ನಾನು ಕೆಳಗಿನಿಂದಲೇ ಬಿಚ್ಚಿದೆ.

ನಾಳೆ ಬಾ, ಅನ್ನುತ್ತಾರೆ ಎಲ್ಲರೂ.
ನಲವತ್ತೊಂದು ಮನೆಗಳ ನಾಳೆಗಳು
ನನ್ನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿವೆ;
ಬಾಕಿ ಮಾತ್ರ ಪೆನ್ನಿನಲ್ಲಿ.

ಹದಿನೇಳನೇ ನಂಬರಿನ ಕ್ವಾಂಬೊಕಾ ನಾಳೆ ಅನ್ನಲಿಲ್ಲ.
ಎರಡು ತಿಂಗಳು, ಹದಿಮೂರು ಸಾವಿರ ಶಿಲ್ಲಿಂಗ್.
ಹಳೆಬಟ್ಟೆಯ ಸಂತೆಗೆ ಬೆಂಕಿ ಬಿದ್ದ ರಾತ್ರಿ
ಅವಳ ಮೂಟೆಯೂ ಅಲ್ಲೇ ಇತ್ತು.
ನೂರು ಜನ ಉಟ್ಟು ಬಿಟ್ಟ ಅಂಗಿಗಳು
ನೂರಾ ಒಂದನೆಯವರಿಗೆ ಕಾಯುತ್ತ ಸುಟ್ಟವು.
ನಾನು ಬಂದಾಗ ಚಹಾ ಕಾಯಿಸುತ್ತಿದ್ದಳು.
"ಸ್ಟೂಲು ತಗೋ," ಅಂದಳು,
"ಮೇಲಿನದಕ್ಕೆ ನಿನ್ನ ಕೈ ಎಟುಕಲ್ಲ."
ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಅವಳ ಮಗಳು, ಆರೋ ಏಳೋ ವರ್ಷ,
ಪ್ಲಾಸ್ಟಿಕ್ ಬಟ್ಟಲು ಹಿಡಿದು ಕೆಳಗೆ ನಿಂತು
ಉದುರಿದ ಒಂದೊಂದು ಸ್ಕ್ರೂವನ್ನೂ ಎಣಿಸಿದಳು
ಶಾಲೆಯಲ್ಲಿ ಕಲಿತ ರಾಗದಲ್ಲೇ,
ಮೋಜಾ, ಮ್ಬಿಲಿ, ತಾತು.
ಬಾಗಿಲ ಒಳಮೈಗೆ ಅವಳ ಎತ್ತರದ ಗೆರೆಗಳಿದ್ದವು.
ಕೊನೆಯ ಗೆರೆ ನನ್ನ ಸೊಂಟಕ್ಕೆ ಬರುತ್ತದೆ.

ನಾಲ್ಕು ಮಹಡಿ ಇಳಿದೆ ಬಾಗಿಲು ಹೊತ್ತು.
ಅಗುಳಿ ಸಡಿಲವಾಗಿತ್ತು,
ಒಂದೊಂದು ಮೆಟ್ಟಿಲಿಗೂ ಬೆನ್ನ ಮೇಲೆ ಟಕ್ ಟಕ್.
ಯಾರೋ ಆ ಕಡೆಯಿಂದ
ನನ್ನನ್ನೇ ತಟ್ಟುತ್ತಿದ್ದ ಹಾಗೆ.
ಎದುರಾದವರು ಗೋಡೆಗೆ ಸರಿದು ದಾರಿ ಬಿಟ್ಟರು,
ಶವ ಬಂದರೆ ಸರಿಯುವಂತೆ.

ಯಜಮಾನಿ ನ್ಯೋಕಾಬಿ ಫೋನಿನಲ್ಲಿ ಕೇಳಿದಳು: ಆಯ್ತಾ?
ಆಯ್ತು, ಅಂದೆ.
ನನಗೂ ಪಾಪ ಅನ್ನಿಸುತ್ತೆ ಸಿಮಿಯು,
ಬ್ಯಾಂಕಿಗೆ ನನ್ನ ಮೇಲೆ ಅನ್ನಿಸುತ್ತಾ?
ನನ್ನ ಮೂರು ತಿಂಗಳ ಸಂಬಳದ ಮಾತೆತ್ತಿದೆ.
ನಾಳೆ, ಅಂದಳು.
ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ.

ರಾತ್ರಿ ಟಾರ್ಚು ಹಿಡಿದು ಮೇಲೆ ಹೋದಾಗ
ಹದಿನೇಳರ ಚೌಕಟ್ಟಿಗೆ ಹೂವಿನ ಲೇಸೋ ತೂಗುತ್ತಿತ್ತು,
ಅದರ ಹಿಂದೆ ಅಡ್ಡಲಾಗಿ ಮಂಚ.
ಹದಿನೆಂಟರ ಮುದುಕ ತನ್ನ ಬಾಗಿಲನ್ನೂ
ಅಗಲವಾಗಿ ತೆರೆದಿಟ್ಟು ಕುರ್ಚಿ ಹಾಕಿ ಕೂತಿದ್ದ.
ಹತ್ತೊಂಬತ್ತರವರೂ ತೆರೆದಿದ್ದರು.
ಇಪ್ಪತ್ತರಲ್ಲಿ ಬೀಗ.
ಯಾರೂ ನನ್ನ ಮುಖ ನೋಡಲಿಲ್ಲ.
ಟಾರ್ಚು ಆರಿಸಿ ಇಳಿದೆ.

ಉಗ್ರಾಣದಲ್ಲಿ ಒಂಬತ್ತು ಬಾಗಿಲುಗಳು
ಒಂದಕ್ಕೊಂದು ಒರಗಿ ನಿಂತಿವೆ, ಎಲ್ಲಿಗೂ ತೆರೆಯದೆ.
ಹೊಸದನ್ನು ಸೇರಿಸಿ, ಸೀಮೆಸುಣ್ಣದಲ್ಲಿ ಹದಿನೇಳು ಬರೆದು,
ಬಟ್ಟಲು ಬೋರಲಾಗಿಸಿದರೆ
ಸ್ಕ್ರೂಗಳು ಐದು.
ಇನ್ನೊಮ್ಮೆ ಎಣಿಸಿದೆ, ಅವಳ ರಾಗದಲ್ಲಿ.
ಐದೇ.

ಆಗ ನೆನಪಾಯಿತು,
ಬಟ್ಟಲು ಕೊಡುವಾಗ ಅವಳ ಎಡಗೈ
ಮುಷ್ಟಿಯಾಗಿತ್ತು.

ಪುಸ್ತಕ ತೆರೆದೆ.
ಬಾಗಿಲು ಒಂದು. ಕೀಲು ಎರಡು.
ಸ್ಕ್ರೂ ಆರು,
ಪೆನ್ನಿನಲ್ಲಿ.