ಹೆಬ್ಬೆರಳು

ಗ್ರಿಮ್ಸ್‌ಬಿಯ ಮೀನಿನ ಧಕ್ಕೆ, ಬೆಳಗಿನ ಐದು.
ಹ್ಯಾಡಕ್ ಸೀಳುತ್ತಿದ್ದ ಗ್ಲೆನಿಸ್‌ಳ ಹೆಬ್ಬೆರಳಿಗೆ
ಕೈಗವಸು ದಾಟಿ ಒಂದು ಮುಳ್ಳು.
ಥೂ, ಎಂದಳು. ಚೀಪಿ ಉಗಿದಳು. ಮುಂದಿನ ಮೀನು.

ಒಳಗೆ, ಚರ್ಮದ ಕೆಳಗೆ,
ಒಂದು ಕಣ ತನ್ನ ಮಡಿಲು ಹರಿದು ಚೆಲ್ಲಿತು.
ಇಷ್ಟು ದಿನ ಬಿಗಿದುಕೊಂಡಿದ್ದ ನಾಳದ ಗೋಡೆ
ಅಗುಳಿ ತೆಗೆಯಿತು.
ನೀರು ನುಗ್ಗಿತು. ಅದರ ಬೆನ್ನಿಗೇ ಬಿಳಿ ಕಣಗಳು,
ಮೈ ಕಿರಿದು ಮಾಡಿ, ಸಂದಿಯಲ್ಲಿ ನುಸುಳಿ,
ವಾಸನೆ ಹಿಡಿದು.

ಸಂಜೆಗೆ ಬೆರಳು ಕೆಂಪು, ಬಿಸಿ, ದಪ್ಪ;
ಚಹಾದ ಲೋಟ ಹಿಡಿಯಲೂ ಒಲ್ಲದು.
ಉರಿ, ಊತ: ನನ್ನ ಭಾಷೆ
ಎರಡನ್ನೂ ಒಂದೇ ಉಸಿರಲ್ಲಿ ಕಟ್ಟಿಟ್ಟಿದೆ.
ಕ್ಲಿನಿಕ್ಕಿನಲ್ಲಿ ಅವಳ ಕೈ ನನ್ನ ಕೈಯಲ್ಲಿ.
"ರೋಗವಲ್ಲ ಇದು, ಜಗಳ. ನಿನ್ನ ಪರವಾಗಿ."
"ಮತ್ತೆ ನೋವು ಯಾಕೆ ನನಗೆ?"
"ಇಲ್ಲದಿದ್ದರೆ ಇದೇ ಬೆರಳಲ್ಲಿ
ಇನ್ನೂ ನೂರು ಮೀನು ಸೀಳುತ್ತಿದ್ದೆ."

ಮೂರನೆಯ ದಿನ ಸೂಜಿ ತಾಗಿಸಿದೆ.
ಹತ್ತಿಯ ಮೇಲೆ ಹಳದಿ ಕೀವು.
ಅಸಹ್ಯ, ಎಂದು ಮುಖ ತಿರುಗಿಸಿದಳು.
ನಾನು ನೋಡಿದೆ. ಬಂದವರಲ್ಲಿ
ಹಿಂದಿರುಗುವ ದಾರಿ ಕೇಳಿಕೊಂಡು ಬಂದವರು
ಒಬ್ಬರೂ ಇರಲಿಲ್ಲ.

ಆಮೇಲೆ ದೊಡ್ಡ ಕಣಗಳು ಬಂದು
ತಮ್ಮವರ ಹೆಣಗಳನ್ನೇ ನುಂಗಿ ನೆಲ ಒರೆಸುತ್ತವೆ.
ರಕ್ತದಲ್ಲೂ ಸಾಕು ಎಂಬ ಮಾತಿದೆ;
ಯಾರೋ ಹೇಳಬೇಕು,
ಉಳಿದವರು ಕೇಳಬೇಕು.

ಬಾಗಿಲಲ್ಲಿ ಅವಳ ಅಕ್ಕ ಬೆರಿಲ್.
ಹದಿನೇಳು ವರ್ಷದಿಂದ ಕಾದಿರುವ ಗೆಣ್ಣುಗಳು,
ಕೋಟಿನ ಗುಂಡಿಗೆ ಬಗ್ಗದ ಬೆರಳುಗಳು.
ಅಲ್ಲಿ ಮುಳ್ಳೇ ಇಲ್ಲ.

ಗ್ಲೆನಿಸ್ ಬ್ಯಾಂಡೇಜಿನ ಹೆಬ್ಬೆರಳನ್ನು
ಮೇಲೆತ್ತಿ ಹಿಡಿದು
ಉಳಿದ ನಾಲ್ಕರಲ್ಲಿ
ಅಕ್ಕನ ಗುಂಡಿ ಹಾಕಿದಳು.